ಎಂಟೆಬೆಯಿಂದ ಡಕಾರಿಗೆ ಏಳು ಗಂಟೆ ಹತ್ತು ನಿಮಿಷ

ಕಂಪಾಲಾದ ಹಳೇ ಟ್ಯಾಕ್ಸಿ ನಿಲ್ದಾಣದ ಬೆನ್ನಿಗೆ, ಹಾಸಿಗೆ ಮಾರುವ ಅಂಗಡಿಯ ಮಹಡಿಯ ಮೇಲೆ ಇಪ್ಪತ್ತೆಂಟು ವರ್ಷ ವಿಮಾನದ ಟಿಕೆಟ್ ಮಾರಿದ ಪೆರ್ಪೆಟುವಾ ನಕಿಟೆಂಡೆ ತಾನು ವಿಮಾನ ಹತ್ತಿದ್ದು ಒಂದೇ ಒಂದು ಸಲ. ಅದೂ ಪಕ್ಕದ ನೈರೋಬಿಗೆ. ಒಳ್ಳೆಯ ವ್ಯಾಪಾರ ಮಾಡಿಕೊಟ್ಟಳೆಂದು ಯಾವುದೋ ಕಂಪನಿಯವರು ಬಿಟ್ಟಿ ಟಿಕೆಟ್ ಕೊಟ್ಟಿದ್ದರು. ಹೋಗಿ ಬಂದವಳನ್ನು ಓಣಿಯವರೆಲ್ಲ ಮುತ್ತಿಕೊಂಡು ಹೇಗಿತ್ತು ಹೇಗಿತ್ತು ಎಂದು ಕೇಳಿದಾಗ ಅವಳು ಒಪ್ಪಿಸಿದ ವರದಿ ಇಷ್ಟೇ:

"ಒಂದು ಒಣಕಲು ಬನ್ ಕೊಟ್ರು. ಚಕ್ರ ನೆಲಕ್ಕೆ ತಾಗಿದ್ದಕ್ಕೆ ಐವತ್ತು ಜನ ಚಪ್ಪಾಳೆ ಹೊಡೆದ್ರು. ಚಕ್ರ ಇನ್ನೆಲ್ಲಿಗೆ ತಾಗ್ಬೇಕಿತ್ತು, ಮೋಡಕ್ಕಾ?"

ಟಿಕೆಟಿನ ಮೇಲೆ ಒಂದು ಗಂಟೆ ಹತ್ತು ನಿಮಿಷ ಎಂದು ಅಚ್ಚಾಗಿತ್ತು. ಅವಳು ತನ್ನ ಮನೆಯ ಚಿಲಕ ಹಾಕಿದ್ದರಿಂದ ಹಿಡಿದು ನೈರೋಬಿಯ ವಸತಿಗೃಹದಲ್ಲಿ ಚಪ್ಪಲಿ ಬಿಡುವವರೆಗೆ ಗಡಿಯಾರ ನೋಡಿ ಲೆಕ್ಕ ಹಾಕಿದ್ದಳು. ಒಂಬತ್ತು ಗಂಟೆ ಮೂವತ್ತು ನಿಮಿಷ. ಅಂಗಡಿಗೆ ಬಂದವಳೇ ತನ್ನ ದಪ್ಪ ನೋಟುಬುಕ್ಕಿನಲ್ಲಿ "ನೈರೋಬಿ: ಒಂಬತ್ತೂವರೆ" ಎಂದು ಬರೆದು ಎರಡು ಗೆರೆ ಎಳೆದಳು. ಆಮೇಲೆ ಯಾರು ನೈರೋಬಿಗೆ ಎಷ್ಟು ಹೊತ್ತು ಎಂದು ಕೇಳಿದರೂ ಅವಳ ಬಾಯಿಂದ ಬರುತ್ತಿದ್ದದ್ದು ಆ ಒಂಬತ್ತೂವರೆಯೇ. ಗಿರಾಕಿಗಳು ಬೆಚ್ಚುತ್ತಿದ್ದರು. ಕೆಲವರು ಎದ್ದು ಬೇರೆ ಅಂಗಡಿಗೆ ಹೋಗುತ್ತಿದ್ದರು. ಹೋಗಲಿ ಎನ್ನುತ್ತಿದ್ದಳು. ಸುಳ್ಳು ಕೇಳಿಸಿಕೊಳ್ಳಲು ಆಸೆ ಇರುವವನಿಗೆ ಸತ್ಯ ಮಾರುವ ದರ್ದು ಅವಳಿಗೆ ಇರಲಿಲ್ಲ.

ಅವಳು ಹುಟ್ಟಿದ್ದೇ ಕಂಪಾಲಾದ ವಿಮಾನಗಳೆಲ್ಲ ಇಳಿಯುವ ಎಂಟೆಬೆಯಲ್ಲಿ. ಅಪ್ಪ ವಿಮಾನ ನಿಲ್ದಾಣದಲ್ಲಿ ಹುಲ್ಲು ಸವರುವ ಕೆಲಸಕ್ಕಿದ್ದ. ಓಡುದಾರಿಯ ಇಕ್ಕೆಲಗಳಲ್ಲಿ ಮಂಡಿಯುದ್ದ ಬೆಳೆಯುವ ಹುಲ್ಲನ್ನು ಬಾಗಿದ ಉದ್ದನೆಯ ಕತ್ತಿಯಿಂದ ಸವರುತ್ತ ಹೋಗುವುದು. ಒಂದು ತುದಿ ಮುಗಿಸುವಷ್ಟರಲ್ಲಿ ಇನ್ನೊಂದು ತುದಿ ಬೆಳೆದು ನಿಂತಿರುತ್ತಿತ್ತು. ಮೂವತ್ತೊಂದು ವರ್ಷ ಅವನು ಆ ಓಡುದಾರಿಯ ಪಕ್ಕದಲ್ಲೇ ನಡೆದ. ಒಂದು ದಿನವಾದರೂ ಅದರ ಮೇಲೆ ಕಾಲಿಡುವ ಅಪ್ಪಣೆ ಇರಲಿಲ್ಲ. ಮಗಳು ಬೇಲಿಯಾಚೆ ಕೂತು, ಯಾವ ಬಣ್ಣದ ಬಾಲದ ವಿಮಾನ ಯಾವ ಹೊತ್ತಿಗೆ ಇಳಿಯಬೇಕಿತ್ತು, ಯಾವಾಗ ಇಳಿಯಿತು ಎಂದು ಇದ್ದಿಲಲ್ಲಿ ಕಲ್ಲಿನ ಮೇಲೆ ಗೀಚುತ್ತಿದ್ದಳು. ಹೇಳಿದ ಹೊತ್ತಿಗೆ ಒಂದೂ ಬರುತ್ತಿರಲಿಲ್ಲ. ಏಳನೇ ವಯಸ್ಸಿಗೇ ಅವಳಿಗೆ ದೊಡ್ಡವರ ಮಾತಿನ ಮೇಲೆ ನಂಬಿಕೆ ಹೋಗಲು ಇದೇ ಕಾರಣ.

ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ ಸನ್ಯಾಸಿನಿಯೊಬ್ಬರು, ನಕ್ಷೆಯ ಮೇಲೆ ದಾರ ಇಟ್ಟು ದೂರ ಅಳೆಯುವುದು ಹೇಗೆ ಎಂದು ತೋರಿಸಿದರು. ಪೆರ್ಪೆಟುವಾ ಎದ್ದು ನಿಂತು ಕೇಳಿದಳು: "ಸಿಸ್ಟರ್, ದಾರದ ಮೇಲೆ ಸಿಕ್ಕಾಪಟ್ಟೆ ದೇಶ ಬರ್ತಾವಲ್ಲ, ಅವ್ರು ಸುಮ್ನೆ ಬಿಡ್ತಾರಾ?"

"ಹುಲ್ಲು ಸವರೋನ ಮಗಳು ನೀನು, ನಿಂಗ್ಯಾಕೆ ಆ ಚಿಂತೆ? ಕೂತ್ಕೋ," ಎಂದರು ಸಿಸ್ಟರ್.

ಕೂತಳು. ಆದರೆ ಮರೆಯಲಿಲ್ಲ.

ಮದುವೆಯ ವಿಷಯದಲ್ಲಿ ಮಾತ್ರ ಒಮ್ಮೆ ಮೋಸಹೋದಳು. ವಾಲುಸಿಂಬಿ ಎಂಬ ಗಟ್ಟಿ ಗಂಟಲಿನ ಗಂಡಸು ತಾನು ವಿಮಾನ ಓಡಿಸುತ್ತೇನೆ ಎಂದು ಹೇಳಿಕೊಂಡು ಅವಳ ಮನೆಗೆ ಬಂದ. ಬಿಳಿ ಅಂಗಿ, ಹೆಗಲ ಮೇಲೆ ಪಟ್ಟಿ, ಎದೆಗೆ ಚಿನ್ನದ ಬಣ್ಣದ ಗುಂಡಿ. ಆರು ತಿಂಗಳ ಮೇಲೆ ತಿಳಿಯಿತು, ಅವನು ಓಡಿಸುತ್ತಿದ್ದದ್ದು ಪ್ರಯಾಣಿಕರ ಪೆಟ್ಟಿಗೆ ಎಳೆಯುವ ಟ್ರ್ಯಾಕ್ಟರು. ಅದನ್ನೂ ಒಂದು ಕಂಬಕ್ಕೆ ಗುದ್ದಿ ಕೆಲಸ ಕಳೆದುಕೊಂಡಿದ್ದ. ಟ್ರ್ಯಾಕ್ಟರ್ ಓಡಿಸುವವನನ್ನು ಅವಳು ಸಂತೋಷವಾಗಿಯೇ ಮದುವೆಯಾಗುತ್ತಿದ್ದಳು. ಅಂಗಿಯ ಗುಂಡಿಗಳನ್ನು ಕ್ಷಮಿಸುವುದು ಅವಳಿಂದ ಆಗಲಿಲ್ಲ. ಮೂರು ವರ್ಷ ಸಹಿಸಿ, ಒಂದು ದಿನ ಅವನ ಪೆಟ್ಟಿಗೆಯನ್ನು ಬಾಗಿಲ ಹೊರಗಿಟ್ಟು "ಇಗೋ, ಎಳ್ಕೊಂಡು ಹೋಗು, ನಿಂಗೆ ಅಭ್ಯಾಸ ಇದೆ," ಎಂದಳು. ಅಲ್ಲಿಗೆ ಆ ಸಂಸಾರ ಮುಗಿಯಿತು.

ಟಿಕೆಟ್ ಕಚೇರಿಗೆ ಅವಳು ಮೊದಲು ಸೇರಿದ್ದು ನೆಲ ಒರೆಸುವುದಕ್ಕೆ. ಗುಮಾಸ್ತರು ಊಟಕ್ಕೆ ಹೋದಾಗ ದಪ್ಪ ವೇಳಾಪಟ್ಟಿಯ ಪುಸ್ತಕ ತೆಗೆದು ಓದುತ್ತಿದ್ದಳು. ಒಂದು ದಿನ ಕಾನೋಗೆ ಹೋಗಬೇಕಾದ ವ್ಯಾಪಾರಿಯೊಬ್ಬನಿಗೆ ಗುಮಾಸ್ತರು ಮೂವರೂ ಸೇರಿ ದಾರಿ ಹುಡುಕಲಾಗದೆ ಒದ್ದಾಡುತ್ತಿದ್ದಾಗ, ಬಟ್ಟೆ ಹಿಂಡುತ್ತ ನಿಂತವಳು "ಗುರುವಾರ ಅಡಿಸ್ ಮೇಲೆ ಹೋಗ್ಲಿ, ಶುಕ್ರವಾರ ಸಂಜೆಗೆ ಕಾನೋ," ಎಂದಳು. ಆ ದಿನದಿಂದ ಅವಳಿಗೆ ಕುರ್ಚಿ ಸಿಕ್ಕಿತು. ಹತ್ತು ವರ್ಷದ ಮೇಲೆ ಹಾಸಿಗೆ ಅಂಗಡಿಯ ಮಹಡಿಯಲ್ಲಿ ಸ್ವಂತ ಕಚೇರಿಯೂ ಆಯಿತು.

ಆಮೇಲೆ ಕಾಲ ಬದಲಾಯಿತು. ಎಲ್ಲರ ಕೈಗೂ ಫೋನು ಬಂತು, ಫೋನಿನಲ್ಲಿ ಎರಡು ಊರಿನ ಹೆಸರು ಒತ್ತಿದರೆ ನಡುವಿನ ದೂರವೂ ಹಾರುವ ಹೊತ್ತೂ ಥಟ್ಟನೆ ತೋರಿಸುವ ಪುಟಗಳು ಬಂದವು. ಗಿರಾಕಿಗಳು ಮೆಟ್ಟಿಲು ಹತ್ತಿ ಬಂದು ಆ ಪುಟವನ್ನು ಪೆರ್ಪೆಟುವಾಳ ಮೂಗಿನ ಕೆಳಗೆ ಹಿಡಿಯುತ್ತಿದ್ದರು. ಅವಳು ಕನ್ನಡಕದ ಮೇಲಿಂದ ಒಮ್ಮೆ ನೋಡಿ, "ಇದು ಕೊಕ್ಕರೆಗೆ ಬರೆದಿದ್ದು. ನಿಮ್ಗಲ್ಲ," ಎಂದು ಫೋನನ್ನು ಪಕ್ಕಕ್ಕೆ ಸರಿಸುತ್ತಿದ್ದಳು.

ಗೆರ್ಶೋಮ್ ಕಟಬರ್ವಾ ಮೆಟ್ಟಿಲು ಹತ್ತಿ ಬಂದದ್ದು ಅಂಥ ಒಂದು ಫೋನು ಹಿಡಿದುಕೊಂಡೇ. ಅವನು ಹೆಂಗಸರ ಬಾಕ್ಸಿಂಗ್ ಸಂಘವೊಂದರ ಕಾರ್ಯದರ್ಶಿ. ತಾನು ಎಂದೂ ಕೈಗವಸು ತೊಟ್ಟವನಲ್ಲ. ಹೊಟ್ಟೆ ಮಾತ್ರ ಯಾವ ತೂಕದ ವರ್ಗಕ್ಕೂ ಸಿಗದಷ್ಟಿತ್ತು. ಸೆನೆಗಲ್ ದೇಶದ ಡಕಾರಿನಲ್ಲಿ ಪಂದ್ಯ ಇತ್ತು. ಮೂವರು ಹುಡುಗಿಯರು ಆಡುವವರು. ಅವರ ಜೊತೆಗೆ ಹೊರಟ ಅಧಿಕಾರಿಗಳು ನಾಲ್ವರು. ಆ ನಾಲ್ವರಲ್ಲಿ ಒಬ್ಬ ಕಟಬರ್ವಾನ ಭಾವಮೈದ. ತರಬೇತಿ ಕೊಟ್ಟವನಿಗೆ ಜಾಗ ಇರಲಿಲ್ಲ.

ಮೂವರಲ್ಲಿ ಒಬ್ಬಳು ಶಮೀಮ್ ನಬುಕೀರಾ. ಪೆರ್ಪೆಟುವಾಳ ಕಚೇರಿಯ ಮೆಟ್ಟಿಲ ಬುಡದಲ್ಲಿ ಕರಿದ ಮರಗೆಣಸು ಮಾರುವ ಮುದುಕಿ ಆಯಿಸಾಳ ಮೊಮ್ಮಗಳು. ಇಪ್ಪತ್ತೊಂದು ವರ್ಷ, ಐವತ್ತೊಂದು ಕಿಲೋ ಒಳಗಿನ ವರ್ಗ. ಬೆಳಗ್ಗೆ ಓಡುವುದು, ಮಧ್ಯಾಹ್ನ ಅಜ್ಜಿಯ ಜೊತೆ ಗೆಣಸು ಸುಲಿಯುವುದು, ಸಂಜೆ ತಗಡಿನ ಶೆಡ್ಡಿನಲ್ಲಿ ಮರಳಿನ ಚೀಲಕ್ಕೆ ಗುದ್ದುವುದು. ಹಸಿವು ಎಂದರೆ ಏನು ಎಂದು ಅವಳಿಗೆ ಎರಡು ರೀತಿಯಲ್ಲಿ ಗೊತ್ತಿತ್ತು. ಇಲ್ಲದೆ ಬಿಡುವುದು, ಇದ್ದೂ ಬಿಡುವುದು.

ಕಟಬರ್ವಾ ಕುರ್ಚಿ ಎಳೆದು ಕೂತ. "ಶುಕ್ರವಾರ ಬೆಳಗ್ಗೆ ಎಂಟರಿಂದ ಹತ್ತರೊಳ್ಗೆ ಡಕಾರಲ್ಲಿ ತೂಕ ನೋಡ್ತಾರೆ, ತಪ್ಪಿದ್ರೆ ಪಂದ್ಯ ಇಲ್ಲ ನ್ಯಾಬೋ. ಹುಡ್ಗೀರು ಗುರುವಾರ ಬೆಳಗ್ಗೆ ಹೊರಟ್ರೆ ಸಾಕು. ಟಿಕೆಟ್ ಮಾಡಿ."

ಪೆರ್ಪೆಟುವಾ ತಲೆ ಎತ್ತಲಿಲ್ಲ. "ಮಂಗಳವಾರ ಹೊರಡ್ಬೇಕು ಸೆಬೋ." ನ್ಯಾಬೋ ಎಂದರೆ ಅಮ್ಮಾವ್ರು, ಸೆಬೋ ಎಂದರೆ ಸ್ವಾಮಿ; ಮರ್ಯಾದೆಗೆ ಇಬ್ಬರಲ್ಲೂ ಕೊರತೆ ಇರಲಿಲ್ಲ.

"ಮಂಗಳವಾರವಾ? ನೋಡಿ ಇಲ್ಲಿ." ಫೋನು ಮುಂದೆ ಬಂತು. "ಎಂಟೆಬೆಯಿಂದ ಡಕಾರಿಗೆ ಐದು ಸಾವಿರದ ಆರುನೂರ ಎಂಬತ್ತು ಕಿಲೋಮೀಟರು. ಏಳು ಗಂಟೆ ಹತ್ತು ನಿಮಿಷ. ಮೇಲಿಂದ ಅವ್ರ ಗಡಿಯಾರ ನಮ್ಗಿಂತ ಮೂರು ಗಂಟೆ ಹಿಂದೆ. ಅಂದ್ರೆ ಬೆಳಗ್ಗೆ ಎಂಟಕ್ಕೆ ಹೊರಟ್ರೆ ಅಲ್ಲಿ ಮಧ್ಯಾಹ್ನದ ಊಟಕ್ಕೆ ಇರ್ತಾರೆ. ನಾನೂ ಓದಿದೋನೇ ನ್ಯಾಬೋ."

"ಓದಿದೀರಿ. ಸರಿ. ಆ ಏಳು ಗಂಟೆ ಹತ್ತು ನಿಮಿಷದ ವಿಮಾನ ಯಾವ್ದು, ಹೆಸ್ರು ಹೇಳಿ. ಈಗ್ಲೇ ಟಿಕೆಟ್ ಮಾಡ್ತೀನಿ."

ಕಟಬರ್ವಾ ಫೋನನ್ನು ಮೇಲೆ ಕೆಳಗೆ ಉಜ್ಜಿದ. ವಿಮಾನದ ಹೆಸರು ಅದರಲ್ಲಿ ಇರಲಿಲ್ಲ.

"ಇಲ್ಲ ಅಲ್ವಾ? ಇಲ್ಲಿಂದ ಅಲ್ಲಿಗೆ ನೇರ ಹೋಗೋದು ಒಂದೂ ಇಲ್ಲ. ಇವತ್ತಿಲ್ಲ, ಹತ್ತು ವರ್ಷದ ಹಿಂದೆ ಇರ್ಲಿಲ್ಲ. ಪಶ್ಚಿಮಕ್ಕೆ ಹೋಗ್ಬೇಕು ಅಂದ್ರೆ ಮೊದ್ಲು ಪೂರ್ವಕ್ಕೆ ಅಡಿಸ್‌ಗೆ ಹೋಗ್ಬೇಕು. ಅಲ್ಲಿ ಕೂತ್ಕೋಬೇಕು. ಆಮೇಲೆ ಮತ್ತೆ ನಮ್ಮ ತಲೆ ಮೇಲೇ ಹಾದು ಆ ಕಡೆಗೆ. ಡಕಾರಲ್ಲಿ ಇಳಿದ ಮೇಲೂ ನಿಲ್ದಾಣ ಊರಿಂದ ಒಂದು ಗಂಟೆ ಆಚೆ ಇದೆ. ಒಂದು ವಿಮಾನ ತಪ್ಪಿದ್ರೆ ಮುಂದಿಂದು ಮಾರನೇ ದಿನ. ಅದಕ್ಕೇ ಮಂಗಳವಾರ. ಹುಡ್ಗೀರು ಒಂದು ದಿನ ಮಲ್ಗಿ ಸುಧಾರಿಸ್ಕೊಳ್ಳೋಕಾದ್ರೂ ಬೇಡ್ವಾ? ಗುದ್ದೋರು ಅವ್ರು, ನೀವಲ್ಲ."

ಕಟಬರ್ವಾ ನಕ್ಕ. ದೊಡ್ಡ ಮನುಷ್ಯರು ಚಿಕ್ಕ ಮನುಷ್ಯರ ಕಳ್ಳತನ ಹಿಡಿದಾಗ ನಗುವ ನಗೆ. "ಗೊತ್ತಾಯ್ತು ಬಿಡಿ. ಎರಡು ದಿನದ ವಸತಿಗೃಹ ಮಾರೋ ಉಪಾಯ. ನಿಮ್ಮಂಥೋರ ಕಾಲ ಮುಗೀತು ನ್ಯಾಬೋ. ಕೈಯಲ್ಲೇ ಎಲ್ಲಾ ಇದೆ ಈಗ."

"ಕೈಯಲ್ಲಿದೆ. ತಲೇಲಿ ಇದ್ದಿದ್ರೆ ಚೆನ್ನಾಗಿತ್ತು," ಎಂದಳು ಪೆರ್ಪೆಟುವಾ.

ಅವನು ಧಡಧಡ ಮೆಟ್ಟಿಲಿಳಿದು ಹೋದ. ಎದುರು ಬೀದಿಯಲ್ಲಿ ಫೋನಿನಲ್ಲೇ ಟಿಕೆಟ್ ಮಾಡಿಕೊಡುವ ಹೊಸ ಅಂಗಡಿಯೊಂದಿತ್ತು. ಮುಂದಿನ ವಾರ ಬುಧವಾರ ಸಂಜೆ ಶಮೀಮ್ ಬಂದು ತನ್ನ ಟಿಕೆಟಿನ ಕಾಗದ ತೋರಿಸಿದಾಗ ಪೆರ್ಪೆಟುವಾ ಅದನ್ನು ಮೂರು ಸಲ ಓದಿದಳು. ಗುರುವಾರ ಬೆಳಗಿನ ಆರಕ್ಕೆ ಎಂಟೆಬೆ, ಅಲ್ಲಿಂದ ನೈರೋಬಿ, ನೈರೋಬಿಯಿಂದ ಪಶ್ಚಿಮ ಕರಾವಳಿಯ ಅಬಿಜಾನ್. ಅದು ಒಂದು ಟಿಕೆಟ್. ಅಬಿಜಾನಿನಿಂದ ಡಕಾರಿಗೆ ಬೇರೆ ಕಂಪನಿಯ ಬೇರೆ ಟಿಕೆಟ್. ನಡುವೆ ಐವತ್ತು ನಿಮಿಷ.

"ಯಾಕೆ ನ್ಯಾಬೋ, ಏನಾಯ್ತು?" ಎಂದಳು ಶಮೀಮ್.

"ಏನಿಲ್ಲ. ಯಾರೋ ಕತ್ತೆ ಎರಡು ಹಗ್ಗ ತಂದು ಪಕ್ಕಪಕ್ಕ ಇಟ್ಟಿದೆ. ಗಂಟು ಹಾಕೋದು ಮರೆತಿದೆ."

ಬಿಡಿಸಿ ಹೇಳಿದಳು. ಎರಡು ಬೇರೆ ಟಿಕೆಟ್ ಆದರೆ ಪೆಟ್ಟಿಗೆ ತಾನಾಗಿ ಮುಂದೆ ಹೋಗುವುದಿಲ್ಲ. ಅಬಿಜಾನಿನಲ್ಲಿ ಹೊರಗೆ ಹೋಗಿ ಪೆಟ್ಟಿಗೆ ತೆಗೆದುಕೊಂಡು ಮತ್ತೆ ಒಳಗೆ ಬರಬೇಕು. ಹೊರಗೆ ಹೋಗಲು ಆ ದೇಶದ ವೀಸಾ ಬೇಕು. ಅದು ಯಾರ ಹತ್ತಿರವೂ ಇರಲಿಲ್ಲ.

ಶಮೀಮ್ ಕಾರ್ಯದರ್ಶಿಗೆ ಫೋನು ಮಾಡಿದಳು. ಅವನು "ಆ ಮುದುಕಿ ಹೊಟ್ಟೆಕಿಚ್ಚಿಗೆ ಹಂಗಂತಾಳೆ, ನೀನು ಗುದ್ದೋದು ನೋಡ್ಕೋ," ಎಂದು ಇಟ್ಟುಬಿಟ್ಟ. ಅವನೂ ಉಳಿದ ಮೂವರು ಅಧಿಕಾರಿಗಳೂ ಆ ದಿನ ಬೆಳಗ್ಗೆಯೇ ಹೊರಟಿದ್ದರು, ಬೇರೆ ದಾರಿಯಲ್ಲಿ. ಕೊಲ್ಲಿ ದೇಶದ ದೊಡ್ಡ ಊರೊಂದರಲ್ಲಿ ಒಂದು ದಿನ ನಿಂತು ಅಂಗಡಿ ಬೀದಿ ಸುತ್ತಿ, ಹೆಂಡತಿಯರಿಗೆ ಸಾಮಾನು ಕೊಂಡು, ಅಲ್ಲಿಂದ ಡಕಾರಿಗೆ. ಆ ದಾರಿಯ ದೂರವನ್ನು ಅವರು ಯಾವ ಪುಟದಲ್ಲೂ ನೋಡಿರಲಿಲ್ಲ. ನೋಡಿದ್ದರೆ ಹೆಚ್ಚುಕಡಿಮೆ ಎರಡು ಪಟ್ಟು ಎಂದು ತಿಳಿಯುತ್ತಿತ್ತು.

ಪೆರ್ಪೆಟುವಾ ಒಂದು ಹಾಳೆ ಹರಿದು, ಮೇಲೆ ದೊಡ್ಡಕ್ಷರದಲ್ಲಿ ಅಕಿಸಿ ಎಂದೂ ಕೆಳಗೆ ತನ್ನ ಹೆಸರನ್ನೂ ಬರೆದು ಶಮೀಮಳ ಕೈಗೆ ಕೊಟ್ಟಳು. ಅಬಿಜಾನ್ ನಿಲ್ದಾಣದಲ್ಲಿ ಒಂದು ವಿಮಾನದಿಂದ ಇನ್ನೊಂದಕ್ಕೆ ಹೋಗುವವರ ಕೌಂಟರಿನಲ್ಲಿ ಅಕಿಸಿ ಎಂಬ ಹೆಂಗಸಿದ್ದಳು. ಇಪ್ಪತ್ತೆರಡು ವರ್ಷದಿಂದ ಇವಳಿಗೂ ಅವಳಿಗೂ ಸಂದೇಶದಲ್ಲಿ, ಫೋನಿನಲ್ಲಿ ಪರಿಚಯ. ಮುಖ ನೋಡಿರಲಿಲ್ಲ. ಅಕಿಸಿಗೆ ಬರುವುದು ಫ್ರೆಂಚು, ಪೆರ್ಪೆಟುವಾಗೆ ಇಂಗ್ಲಿಷು ಮತ್ತು ಲುಗಾಂಡ. ನಡುವೆ ಊರುಗಳ ಮೂರಕ್ಷರದ ಗುರುತುಗಳು ಮತ್ತು ಗಂಟೆಗಳು. ಅಷ್ಟರಲ್ಲೇ ಇಬ್ಬರೂ ಸೇರಿ ಎಷ್ಟೋ ಜನರನ್ನು ಮನೆ ಮುಟ್ಟಿಸಿದ್ದರು.

"ಸಿಕ್ಕಿಹಾಕ್ಕೊಂಡ ಕೂಡ್ಲೇ ಈ ಹೆಸ್ರು ಕೇಳು. ಆಮೇಲೆ ನಂಗೆ ಫೋನ್ ಮಾಡು. ಅಳ್ತಾ ಕೂರ್ಬೇಡ."

"ಸಿಕ್ಕಿಹಾಕ್ಕೊಳ್ತೀವಿ ಅಂತ ಗ್ಯಾರಂಟಿನಾ ನ್ಯಾಬೋ?"

"ಸೂರ್ಯ ಮುಳುಗ್ತಾನೆ ಅನ್ನೋದಕ್ಕಿಂತ ಸ್ವಲ್ಪ ಜಾಸ್ತಿ."

ಗುರುವಾರ ಸಂಜೆ ನಾಲ್ಕೂವರೆಗೆ ಫೋನು ಬಂತು. ಪೆರ್ಪೆಟುವಾ ಆಗ ಮೆಟ್ಟಿಲ ಬುಡದಲ್ಲಿ ಆಯಿಸಾಳ ಬಾಣಲೆಯ ಪಕ್ಕ ನಿಂತು ಗೆಣಸು ತಿನ್ನುತ್ತಿದ್ದಳು. ಎಲ್ಲವೂ ಅವಳು ಹೇಳಿದಂತೆಯೇ ಆಗಿತ್ತು, ಅದರಲ್ಲಿ ಅವಳಿಗೆ ಕಿಂಚಿತ್ತೂ ಸಂತೋಷ ಆಗಲಿಲ್ಲ. ಅಬಿಜಾನಿನಲ್ಲಿ ಹೊರಬಾಗಿಲಿನವನು ವೀಸಾ ಇಲ್ಲವೆಂದು ಹಿಂದೆ ಕಳಿಸಿದ್ದ. ಡಕಾರಿನ ವಿಮಾನ ಇವರ ಕಣ್ಣೆದುರಿಗೇ ಗಾಜಿನಾಚೆ ಹಿಮ್ಮುಖವಾಗಿ ಸರಿದು ಹೋಗಿತ್ತು. ಆ ಕಂಪನಿಯ ಮುಂದಿನ ವಿಮಾನ ಶನಿವಾರ. ಮೂವರಲ್ಲಿ ಹಿರಿಯಳಾದ ಟೆಡ್ಡಿ ನೆಲದ ಮೇಲೆ ಕೂತುಬಿಟ್ಟಿದ್ದಳು. ಅಡಾಂಗ್ ಎಂಬ ಇನ್ನೊಬ್ಬಳು ಸಿಟ್ಟಿಗೆ ತನ್ನ ಪಾಲಿನ ಬನ್ನನ್ನೂ ಉಳಿದಿಬ್ಬರ ಬನ್ನನ್ನೂ ತಿಂದುಬಿಟ್ಟಿದ್ದಳು.

"ಕಾರ್ಯದರ್ಶಿ ಎಲ್ಲಿ?" ಎಂದು ಕೇಳಿದಳು ಪೆರ್ಪೆಟುವಾ.

"ಫೋನ್ ಎತ್ತಲ್ಲ ನ್ಯಾಬೋ. ಒಂದ್ಸಲ ಎತ್ತಿ, 'ಅಲ್ಲಿ ಯಾರಾದ್ರೂ ದೊಡ್ಡೋರನ್ನ ಕೇಳಿ, ನಾನು ಮೀಟಿಂಗಲ್ಲಿದೀನಿ' ಅಂದ್ರು. ಹಿಂದೆ ಯಾರೋ ಕಂಬಳಿ ರೇಟು ಕೂಗ್ತಿದ್ರು."

"ಅಕಿಸಿ?"

"ಇಲ್ಲೇ ಇದಾರೆ. ನಿಮ್ಮ ಚೀಟಿ ನೋಡಿ ಕೂಗ್ಕೊಂಡ್ರು. ಕೊಡ್ತೀನಿ."

ಮೆಟ್ಟಿಲ ಬುಡದಲ್ಲಿ ನಿಂತೇ ಪೆರ್ಪೆಟುವಾ ಮಾತಾಡಿದಳು. ಆಯಿಸಾ ಸಟ್ಟುಗ ಹಿಡಿದು ಬಾಯಿ ಬಿಟ್ಟು ನೋಡುತ್ತಿದ್ದಳು. ಊರುಗಳ ಗುರುತು, ಗಂಟೆ, ಇಲ್ಲ, ಹೌದು, ಮತ್ತೆ ಇಲ್ಲ. ಲೋಮೆಯ ದಾರಿ ಆಗಲಿಲ್ಲ. ಅಕ್ರಾದಿಂದ ಹೊರಡುವುದು ತಡವಾಗುತ್ತಿತ್ತು. ಪೆರ್ಪೆಟುವಾ ಕಣ್ಣು ಮುಚ್ಚಿಕೊಂಡು ಹಳೆಯ ವೇಳಾಪಟ್ಟಿಯ ಪುಟಗಳನ್ನು ತಲೆಯಲ್ಲೇ ತಿರುವಿಹಾಕಿದಳು. ಬಮಾಕೊ! ಮಾಲಿ ದೇಶದ ಬಮಾಕೊಗೆ ಅದೇ ಕಂಪನಿಯ ಸಂಜೆಯ ವಿಮಾನವಿತ್ತು. ಅಲ್ಲಿಂದ ಬೆಳಗಿನ ಜಾವದ್ದು ಏಳು ಗಂಟೆ ಹತ್ತು ನಿಮಿಷಕ್ಕೆ ಡಕಾರಿನಲ್ಲಿ ಇಳಿಯುತ್ತಿತ್ತು. ಅಕಿಸಿ ತನ್ನ ಮೇಲಿನವನ ಕೋಣೆಗೆ ನುಗ್ಗಿ, ಖಾಲಿ ಇದ್ದ ಮೂರು ಸೀಟುಗಳಿಗೆ ಇದೇ ಟಿಕೆಟನ್ನು ತಿದ್ದಿ ಕೊಡಬೇಕೆಂದು ಜಗಳ ತೆಗೆದಳು. ಆ ಜಗಳ ಫೋನಿನಲ್ಲಿ ಕಂಪಾಲಾದ ಬೀದಿಯವರೆಗೂ ಕೇಳಿಸಿತು. ಭಾಷೆ ಯಾರಿಗೂ ತಿಳಿಯಲಿಲ್ಲ, ಆದರೆ ಗೆದ್ದವರು ಯಾರು ಎಂಬುದು ಎಲ್ಲರಿಗೂ ತಿಳಿಯಿತು. ಕೆಳಗೆ ಹೋಗಿ ಮೂರು ಪೆಟ್ಟಿಗೆಗಳನ್ನು ತಾನೇ ಹುಡುಕಿ ಎಳೆಸಿ ಹೊಸ ಚೀಟಿ ಅಂಟಿಸಿದವಳೂ ಅವಳೇ.

ಫೋನು ಇಡುವ ಮೊದಲು ಪೆರ್ಪೆಟುವಾ ಶಮೀಮಳಿಗೆ ಹೇಳಿದಳು: "ಇಳಿದ ಮೇಲೆ ಬಸ್ಸು ಹುಡುಕ್ತಾ ನಿಲ್ಬೇಡಿ. ಟ್ಯಾಕ್ಸಿ ಹಿಡೀರಿ. ಊರು ದೂರ ಇದೆ. ಆ ಅಡಾಂಗ್‌ಗೆ ಹೇಳು, ಇನ್ನು ನೀರೂ ಕುಡೀಬಾರ್ದು."

"ಅವ್ರ್ಯಾರೂ ಬಂದಿಲ್ದಿದ್ರೆ?"

"ಬಂದಿರಲ್ಲ. ಬರ್ದಿದ್ರೆ ಒಳ್ಳೇದು. ನಿಮ್ಮ ತೂಕ ನೀವೇ ಕೊಡ್ಬೇಕು, ಅವ್ರನ್ನ ತೂಕಕ್ಕೆ ಹಾಕಲ್ಲ."

ಆಯಿಸಾ ಅಷ್ಟು ಹೊತ್ತಿಗೆ ಬಾಣಲೆಯಲ್ಲಿದ್ದ ಗೆಣಸನ್ನು ಕರಿ ಮಾಡಿಕೊಂಡಿದ್ದಳು. "ಪೆರ್ಪೆಟುವಾ, ಮಗು ತಲುಪ್ತಾಳಾ?" ಎಂದಳು.

"ತಲುಪ್ತಾಳೆ ಜಾಜ್ಜ."

ಅಜ್ಜಿಯನ್ನು ಕರೆಯುವ ಆ ಮಾತನ್ನು ಪೆರ್ಪೆಟುವಾ ಯಾರಿಗೂ ಸುಲಭಕ್ಕೆ ಆಡುವವಳಲ್ಲ. ಆಯಿಸಾ ಅವಳಿಗಿಂತ ಹತ್ತು ವರ್ಷಕ್ಕಷ್ಟೇ ದೊಡ್ಡವಳು.

ಹುಡುಗಿಯರು ಬಮಾಕೊದ ನಿಲ್ದಾಣದಲ್ಲಿ ಕುರ್ಚಿಗಳ ಮೇಲೆ ಕೂತೇ ಹೊತ್ತು ಕಳೆದು, ಡಕಾರಿನಲ್ಲಿ ಇಳಿದು, ಟ್ಯಾಕ್ಸಿ ಹಿಡಿದು, ತೂಕದ ಕೋಣೆಯ ಬಾಗಿಲು ಮುಟ್ಟಿದಾಗ ಅಲ್ಲಿನ ಗಡಿಯಾರದಲ್ಲಿ ಒಂಬತ್ತು ಇಪ್ಪತ್ತು. ಅಡಾಂಗ್ ಇನ್ನೂರು ಗ್ರಾಂ ಹೆಚ್ಚಿದ್ದಳು. ಮೂರು ಬನ್ನಿನ ಫಲ. ಮೂವತ್ತು ನಿಮಿಷ ಮೆಟ್ಟಿಲು ಹತ್ತಿ ಇಳಿದು, ಬೆವರಿ, ಉಗುಳಿ, ಕೊನೆಗೆ ಬಾಗಿಲು ಮುಚ್ಚಲು ನಾಲ್ಕು ನಿಮಿಷ ಇದ್ದಾಗ ಮುಳ್ಳು ಸರಿಯಾದ ಜಾಗಕ್ಕೆ ಬಂತು. ಶಮೀಮ್ ಐವತ್ತು ಕಿಲೋ ನಾಲ್ಕುನೂರು. ಅಜ್ಜಿ ಕಟ್ಟಿಕೊಟ್ಟ ಗೆಣಸು ಬಿಚ್ಚದೇ ಚೀಲದಲ್ಲಿತ್ತು. ತೂಕದ ಹಲಗೆಯಿಂದ ಇಳಿದವಳೇ ಅಲ್ಲೇ ಗೋಡೆಗೊರಗಿ ಕೂತು ಅದನ್ನೆಲ್ಲ ತಿಂದಳು. ತಣ್ಣಗಾಗಿ ಚರ್ಮದಂತಾಗಿತ್ತು.

ನಾಲ್ವರು ಅಧಿಕಾರಿಗಳ ಸುಳಿವಿರಲಿಲ್ಲ. ಕೊಲ್ಲಿಯ ಊರಿನಲ್ಲಿ ಸಾಮಾನು ಹೆಚ್ಚಾಗಿ, ಕಂಬಳಿಗಳನ್ನು ಬಿಟ್ಟು ಬರಲು ಮನಸ್ಸಾಗದೆ, ವಾದ ಮಾಡುತ್ತ ನಿಂತು ವಿಮಾನ ತಪ್ಪಿಸಿಕೊಂಡಿದ್ದರು.

ಶನಿವಾರ ಬೆಳಗ್ಗೆ ಶಮೀಮ್ ಕಣಕ್ಕಿಳಿದಾಗ ಅವಳ ಮೂಲೆಯಲ್ಲಿ ನೀರು ಕೊಡುವುದಕ್ಕೂ ಒಬ್ಬರಿರಲಿಲ್ಲ. ಮಾಲಿ ದೇಶದ ತರಬೇತುದಾರನೊಬ್ಬ ಇದನ್ನು ನೋಡಿ, ತಲೆ ಅಲ್ಲಾಡಿಸುತ್ತ ಬಂದು, ಅವಳ ಹೆಗಲ ಮೇಲೆ ಟವೆಲ್ ಹಾಕಿ ನಿಂತ. ಮಾತು ತಿಳಿಯುತ್ತಿರಲಿಲ್ಲ. ಅವನು ತನ್ನ ಎಡ ಮುಷ್ಟಿ ಎತ್ತಿ ತೋರಿಸಿದ, ಇವಳು ಎಡಗೈಯಲ್ಲಿ ಗುದ್ದಿದಳು. ಮೊದಲ ಪಂದ್ಯ ಗೆದ್ದಳು. ಟೆಡ್ಡಿ ಮತ್ತು ಅಡಾಂಗ್ ಅದೇ ದಿನ ಸೋತರು; ನಿಂತು ಹೊಡೆದಾಡಿಯೇ ಸೋತರು. ಭಾನುವಾರದ ಸೆಮಿಫೈನಲ್ಲಿನಲ್ಲಿ ಶಮೀಮ್ ಮೊರೊಕ್ಕೊದ ಉದ್ದ ಕೈಯ ಹುಡುಗಿಯೊಬ್ಬಳ ಮುಂದೆ ಮೂಗು ಒಡೆಸಿಕೊಂಡಳು. ಅಲ್ಲಿಯವರೆಗೆ ಬಂದು ಸೋತವರಿಗೆ ಕಂಚು ಕೊಡುತ್ತಾರೆ. ಕೊಟ್ಟರು.

ಕಟಬರ್ವಾನ ತಂಡ ಬಂದಿಳಿದದ್ದು ಶನಿವಾರ ಸಂಜೆ. ಭಾನುವಾರ ಪದಕದ ಫೋಟೋ ತೆಗೆಯುವಾಗ ನಾಲ್ವರೂ ಇದ್ದರು. ಫೋಟೋದಲ್ಲಿ ಶಮೀಮ್ ಕಾಣುವುದು ಭಾವಮೈದನ ಮೊಣಕೈಯ ಸಂದಿಯಲ್ಲಿ.

ಎಂಟೆಬೆಗೆ ಮರಳಿದ ದಿನ ಹಾರ, ಡೋಲು, ಪತ್ರಿಕೆಯವರು. ಕಟಬರ್ವಾ ಮೈಕು ಹಿಡಿದ. "ಐದು ಸಾವಿರದ ಆರುನೂರ ಎಂಬತ್ತು ಕಿಲೋಮೀಟರ್ ದೂರದ ಊರಿಗೆ ನಮ್ಮ ಸಂಘ ನಿಮಿಷ ನಿಮಿಷದ ಯೋಜನೆ ಹಾಕಿ ಮಕ್ಕಳನ್ನ ಕರ್ಕೊಂಡು ಹೋಯ್ತು. ಆ ಯೋಜನೆಯ ಫಲವೇ ಈ ಪದಕ," ಎಂದ. ಚಪ್ಪಾಳೆ ಬಿತ್ತು.

ಒಬ್ಬ ಪತ್ರಕರ್ತೆ ಶಮೀಮಳ ಕಡೆ ತಿರುಗಿ ಪ್ರಯಾಣ ಹೇಗಿತ್ತು ಎಂದು ಕೇಳಿದಳು. ಹುಡುಗಿಗೆ ರಾಜಕೀಯ ಗೊತ್ತಿರಲಿಲ್ಲ. ಒಡೆದ ಮೂಗಿನಿಂದ ಉಸಿರೆಳೆಯುತ್ತ ಇದ್ದದ್ದು ಇದ್ದಂತೆ ಹೇಳಿದಳು: "ನಮ್ಮ ಮನೆಯಿಂದ ತೂಕದ ಕೋಣೆಗೆ ಮೂವತ್ನಾಲ್ಕು ಗಂಟೆ ಆಯ್ತು. ಕಾರ್ಯದರ್ಶಿಯೋರಿಗೆ ಮೂರು ದಿನ ಆಯ್ತು. ಪಾಪ, ಅವ್ರಿಗೆ ನಮ್ಮ ಶನಿವಾರದ ಪಂದ್ಯ ನೋಡೋಕಾಗ್ಲಿಲ್ಲ. ನಮ್ಮನ್ನ ಮುಟ್ಟಿಸಿದ್ದು ಹಾಸಿಗೆ ಅಂಗಡಿ ಮೇಲಿನ ನ್ಯಾಬೋ ಪೆರ್ಪೆಟುವಾ."

ಅದು ಹಾಗೆಯೇ ಸಂಜೆಯ ಸುದ್ದಿಯಲ್ಲಿ ಬಂತು.

ಮಾರನೇ ದಿನ ಕಟಬರ್ವಾ ಮತ್ತೆ ಆ ಮೆಟ್ಟಿಲು ಹತ್ತಿದ. ಈ ಸಲ ಕೂರಲಿಲ್ಲ. "ನೀವೇ ಹೇಳ್ಕೊಟ್ಟಿದ್ದು ಆ ಹುಡ್ಗಿಗೆ! ದೇಶದ ಮಾನ ತೆಗೆದ್ರಿ!"

"ದೇಶ ಯಾವಾಗ ನಿಮ್ಮ ಕಂಬಳಿ ಗಂಟೊಳಗೆ ಹೋಯ್ತು ಸೆಬೋ?"

"ನನ್ನ ಹತ್ರ ಮಾತಾಡೋ ರೀತೀನಾ ಇದು? ನಾನು ಯಾರು ಗೊತ್ತಾ?"

"ಗೊತ್ತು. ನೇರ ಹಾರೋ ಕೊಕ್ಕರೆ. ಮೆಟ್ಟಿಲು ಹುಷಾರು, ಕಡಿದಾಗಿದೆ. ನಿಮ್ಮ ಹೊಟ್ಟೆಗೆ ಕೆಳಗಿನ ಮೆಟ್ಟಿಲು ಕಾಣಲ್ಲ."

ಹಾಸಿಗೆ ಅಂಗಡಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಅವನು ಅವರ ನಡುವೆ ನುಸುಳಿಕೊಂಡು ಹೋದ. ಆಯಿಸಾ ತಲೆ ಎತ್ತದೆ ಬಾಣಲೆಗೆ ಒಂದು ತುಂಡು ಹಾಕಿದಳು. ಎಣ್ಣೆ ಚುರ್ ಎಂದಿತು.

ಇದಾದ ಮೇಲೆ ಕಟಬರ್ವಾನ ಕುರ್ಚಿ ಹೋಯಿತೆಂದು ಯಾರಾದರೂ ಎಣಿಸಿದರೆ ಅವರಿಗೆ ನಮ್ಮ ಊರು ಗೊತ್ತಿಲ್ಲ. ಎಂಟು ತಿಂಗಳಲ್ಲಿ ಅವನಿಗೆ ಇನ್ನೂ ದೊಡ್ಡ ಕುರ್ಚಿ ಸಿಕ್ಕಿತು. ಅಲ್ಲಿ ಬಾಕ್ಸಿಂಗ್ ಜೊತೆಗೆ ಈಜು, ಕುಸ್ತಿ ಎಲ್ಲದರ ಪ್ರಯಾಣವೂ ಅವನದೇ ಉಸ್ತುವಾರಿ. ಸಂಘದವರು ನಾಚಿಕೆಗೋ ಅಂಜಿಕೆಗೋ ಪೆರ್ಪೆಟುವಾಳನ್ನು ಪ್ರಯಾಣ ಸಮಿತಿಗೆ ಕರೆದರು. ಅವಳು ಒಂದು ಸಭೆಗೆ ಹೋದಳು. ಎರಡು ಗಂಟೆ ಕಾಲ, ಪ್ರಯಾಣದಲ್ಲಿ ಅಧಿಕಾರಿಗಳಿಗೆ ಯಾವ ಬಣ್ಣದ ಕೋಟು ಎಂಬ ಚರ್ಚೆ ನಡೆಯಿತು. ಚಹಾ ಬರುವ ಮೊದಲೇ ಎದ್ದು ಬಂದಳು. ಹುಡುಗಿಯರು ಮಾತ್ರ ಆಮೇಲೆ ಯಾವ ಸಂಘದ ಅಪ್ಪಣೆಗೂ ಕಾಯದೆ ತಮ್ಮ ಟಿಕೆಟಿನ ಕಾಗದ ಹಿಡಿದುಕೊಂಡು ಮೊದಲು ಅವಳ ಮೇಜಿಗೆ ಬರುತ್ತಿದ್ದರು. ಅವಳು ಓದಿ, ಬೈದು, ತಿದ್ದಿಸಿ ಕಳಿಸುತ್ತಿದ್ದಳು. ಈಜಿನವರೂ ಬರತೊಡಗಿದರು.

ಮಾರನೇ ವರ್ಷದ ಆಗಸ್ಟಿನಲ್ಲಿ ಅಕಿಸಿ ಕೆಲಸದಿಂದ ನಿವೃತ್ತಳಾಗಿ, ಕಂಪನಿ ಕೊಟ್ಟ ಬಿಟ್ಟಿ ಟಿಕೆಟಿನಲ್ಲಿ ಕಂಪಾಲಾಗೆ ಬರುತ್ತೇನೆಂದು ಸಂದೇಶ ಕಳಿಸಿದಳು. ಪೆರ್ಪೆಟುವಾ ಹಬ್ಬಕ್ಕೆ ಉಡುವ ಉದ್ದನೆಯ ಗೊಮೆಸಿಯನ್ನು, ಭುಜದ ಮೇಲೆ ಅದರ ತೋಳುಗಳ ಚೂಪು ಸರಿಯಾಗಿ ನಿಲ್ಲುವಂತೆ ಎರಡು ಸಲ ಇಸ್ತ್ರಿ ಮಾಡಿಸಿ ಉಟ್ಟುಕೊಂಡು, ಮಧ್ಯಾಹ್ನ ಒಂದಕ್ಕೇ ಎಂಟೆಬೆ ನಿಲ್ದಾಣಕ್ಕೆ ಹೋದಳು. ವಿಮಾನ ಎರಡಕ್ಕೆ ಬರಬೇಕಿತ್ತು. ಐದಕ್ಕೆ ಬಂತು. ಅವಳು ಫೋನಿನಲ್ಲಿ ಕೇಳಿದ ಆ ಗಟ್ಟಿ ಧ್ವನಿಗೆ ತಕ್ಕಂತೆ ಆರಡಿ ಎತ್ತರದ, ಬಾಗಿಲು ತುಂಬುವ ಹೆಂಗಸನ್ನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದಳು. ಹೊರಬಂದವಳು ಇವಳ ಭುಜಕ್ಕೂ ಬರದ ಪುಟ್ಟ ಹೆಂಗಸು. ಕೈಯಲ್ಲಿ ಹುಳಿ ಬರಿಸಿದ ಮರಗೆಣಸಿನ ತರಿಯ ಗಂಟು, ವಾಸನೆ ಹತ್ತು ಗಜದಿಂದಲೇ ಬರುತ್ತಿತ್ತು.

ಇಬ್ಬರೂ ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿಕೊಂಡರು.

"ಮೂರು ಗಂಟೆ ಲೇಟು," ಎಂದಳು ಪೆರ್ಪೆಟುವಾ.

ಅಕಿಸಿ ತನ್ನ ಮುರುಕು ಇಂಗ್ಲಿಷಿನಲ್ಲಿ, "ಮನೆ ಬಾಗಿಲಿಂದ ಇಪ್ಪತ್ತಾರು," ಎಂದು ಬೆರಳು ಮಡಿಸಿ ತೋರಿಸಿದಳು.

ಮನೆಯಲ್ಲಿ ಪೆರ್ಪೆಟುವಾ ಬಾಳೆ ಎಲೆಯಲ್ಲಿ ಕಟ್ಟಿ ಬೇಯಿಸಿದ ಬಾಳೆಕಾಯಿಯ ಮಟೋಕೆ, ಕಡಲೆಕಾಯಿ ಸಾರು ಬಡಿಸಿದಳು. ಉಣ್ಣುತ್ತ ಕೂತ ಮೇಲೆ ಇಬ್ಬರಿಗೂ ಒಂದು ವಿಷಯ ಹೊಳೆಯಿತು. ವಿಮಾನ ಬಿಟ್ಟರೆ ತಮ್ಮ ನಡುವೆ ಒಂದು ಮಾತೂ ಇಲ್ಲ. ಮಕ್ಕಳ ಬಗ್ಗೆ ಕೇಳಲು ಭಾಷೆ ಸಾಲದು, ಗಂಡಂದಿರ ಬಗ್ಗೆ ಕೇಳುವುದಕ್ಕೆ ಮೊದಲೇ ಇಬ್ಬರಿಗೂ ಮನಸ್ಸಿರಲಿಲ್ಲ. ಆಮೇಲೆ ಅಕಿಸಿ ತಟ್ಟೆ ಸರಿಸಿ, ಒಂದು ಊರಿನ ಮೂರಕ್ಷರ ಹೇಳಿ ಹುಬ್ಬು ಹಾರಿಸಿದಳು. ಪೆರ್ಪೆಟುವಾ ಮೂಗು ಮುರಿದು ಇನ್ನೊಂದು ಊರಿನ ಮೂರಕ್ಷರ ಹೇಳಿದಳು. ಅದಕ್ಕಿಂತ ಇದು ಕೆಟ್ಟದ್ದು ಎಂದು ಅವಳು, ಇಲ್ಲ ಅದೇ ಕೆಟ್ಟದ್ದು ಎಂದು ಇವಳು. ಅಲ್ಲಿಂದ ಶುರುವಾಗಿ ಒಂದೊಂದೇ ನಿಲ್ದಾಣವನ್ನೂ, ಒಂದೊಂದೇ ಕಂಪನಿಯನ್ನೂ, ಅದರ ಗಡಿಯಾರವನ್ನೂ ಬೈಯುತ್ತ ಇಬ್ಬರೂ ಪಾತ್ರೆಯಲ್ಲಿದ್ದ ಸಾರು ಮುಗಿಸಿದರು. ಪಕ್ಕದ ಮನೆಯವರು ಆ ಹೊತ್ತಿನಲ್ಲಿ ಎರಡು ಸಲ ಇಣುಕಿ ನೋಡಿ, ಜಗಳ ಅಲ್ಲ ಎಂದು ಖಾತ್ರಿ ಮಾಡಿಕೊಂಡು ಹೋದರು.